ಎಂಎಸ್‌ಡಬ್ಲ್ಯೂ ಆಗಿದೆ, 7 ವರ್ಷದಿಂದ ಫೀಲ್ಡಲ್ಲಿದೀನಿ, ಮೌಲ್ಯಮಾಪನ ಕಲಿಯೋಕೆ ಮತ್ತೆ ಕಾಲೇಜಿಗೆ ಹೋಗ್ಬೇಕಾ?

ಲಿಂಗಸುಗೂರು ತಾಲೂಕಿಂದ ಸಮಾಜಕಾರ್ಯದಲ್ಲಿ ಮಾಸ್ಟರ್ಸ್ (ಎಂಎಸ್‌ಡಬ್ಲ್ಯೂ) ಮಾಡಿರೋ ಒಬ್ಬ ಹೆಣ್ಮಗಳು ಬರೆದಿದಾರೆ. ಇಲ್ಲಿ ಮೌಲ್ಯಮಾಪನ ಅಂದ್ರೆ ಪರೀಕ್ಷೆ ಪೇಪರ್ ತಿದ್ದೋದಲ್ಲ, ಒಂದು ಯೋಜನೆಯಿಂದ ಜನಕ್ಕೆ ನಿಜಕ್ಕೂ ಉಪಯೋಗ ಆಯ್ತಾ ಅಂತ ಅಳೆಯೋದು. ಪತ್ರ ಉದ್ದ ಇದೆ, ಮುಖ್ಯವಾದ್ದನ್ನ ಅವರ ಮಾತಲ್ಲೇ ಕೊಡ್ತೀನಿ.

"ಮೇಡಂ, ನನಗ 31 ವರ್ಷ. ಎಂಎಸ್‌ಡಬ್ಲ್ಯೂ ಮುಗಿಸಿ 7 ವರ್ಷ ಆತು, ಆವಾಗಿಂದ ಒಂದು ಸಣ್ಣ ಸಂಸ್ಥೆಯೊಳಗ ವಿಕಲಚೇತನ ಮಕ್ಕಳ ಜೋಡಿ ಕೆಲಸ ಮಾಡಾಕತ್ತೀನಿ. ಮನಿಗೆ ಹೋಗಿ ಥೆರಪಿ ಕೊಡಿಸೋದು, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಪಿಂಚಣಿ, ಗಾಲಿಕುರ್ಚಿ, ತಾಯಂದಿರ ಗುಂಪು, ಎಲ್ಲಾ ನಾನ ನೋಡ್ಕೋತೀನಿ. ಪಗಾರ 18 ಸಾವಿರ. ಹೋದ ವರ್ಷ ನಮ್ಮ ಸಂಸ್ಥೆಗೆ ರೊಕ್ಕ ಕೊಡೋ ಫಂಡರ್ ಕಡಿಂದ ಮೌಲ್ಯಮಾಪನ ಮಾಡಾಕಂತ ಬೆಂಗಳೂರಿಂದ ಇಬ್ಬರು ಬಂದಿದ್ರು. 2 ದಿನ ಇದ್ರು, ನಾವು ತೋರಿಸಿದ ಮನಿಗಷ್ಟ ಹೋದ್ರು, ಟ್ಯಾಬ್‌ನ್ಯಾಗ ಟಿಕ್ ಮಾಡ್ಕೊಂಡು ಹೋದ್ರು. ರಿಪೋರ್ಟಿನ್ಯಾಗ ಗಾಲಿಕುರ್ಚಿ ಎಲ್ಲಾ ಬಳಕೆಯಲ್ಲಿವೆ ಅಂತ ಬಂತು. ನನಗ ಗೊತ್ತೈತಿ, ಎಷ್ಟೋ ಮನ್ಯಾಗ ಆ ಕುರ್ಚಿ ಹೊಸ್ತಿಲಾ ದಾಟಂಗಿಲ್ಲ, ಮ್ಯಾಲೆ ಜ್ವಾಳದ ಚೀಲ ಇಟ್ಟಾರ. ಈ ಕೆಲಸಾನ ಸರಿಯಾಗಿ ಮಾಡೋದು ಕಲೀಬೇಕು ಅಂತ ಆಸೆ ಆಗೇತಿ. ಆದ್ರ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಪಿಎಚ್‌ಡಿ ಇಲ್ದ ಯಾರೂ ಕೇಳಂಗಿಲ್ಲ ಅಂತಾರ, ಸ್ಟ್ಯಾಟಿಸ್ಟಿಕ್ಸ್ ಬರ್ಲಿಲ್ಲಂದ್ರ ಆಗಂಗಿಲ್ಲ ಅಂತಾರ, ಕನ್ನಡ ಮೀಡಿಯಂನೋರಿಗೆ ಇದಲ್ಲ ಅಂತಾರ, ವಯಸ್ಸು ಮೀರೇತಿ ಅಂತಾರ. ಆನ್‌ಲೈನ್ ಸರ್ಟಿಫಿಕೇಟ್ ಮಾಡಿದ್ರ ಸಾಕೇನು? ಅವ್ವ ಕೇಳ್ತಾಳ, ಇಷ್ಟು ಓದಿದ್ದು ಸಾಲದೇನು ಅಂತ. ಅಕಿಗೆ ಏನ್ ಹೇಳ್ಲಿ?"

ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರೋದು ಕೋರ್ಸ್ ಬಗ್ಗೆ, ಆದ್ರೆ ನಿಮ್ಮನ್ನ ನಿಜವಾಗ್ಲೂ ಚುಚ್ತಿರೋದು ಆ ಜೋಳದ ಚೀಲ ಅನ್ಸುತ್ತೆ. ಮನೆ ಒಳಗೆ ನೀವು ಕಣ್ಣಾರೆ ನೋಡಿದ್ದು ಒಂದು, ರಿಪೋರ್ಟ್‌ನಲ್ಲಿ ಬಂದಿದ್ದು ಇನ್ನೊಂದು, ಈ ಎರಡರ ನಡುವೆ ಅಷ್ಟು ಅಂತರ ಹೇಗೆ ಬಂತು ಅನ್ನೋದೇ ಈ ಇಡೀ ವಿಷಯದ ತಿರುಳು. ಅದಕ್ಕೇ ಮೊದಲು ಅದನ್ನೇ ಹೇಳ್ತೀನಿ, ಕಾಲೇಜು, ದುಡ್ಡು, ವಯಸ್ಸು ಆಮೇಲೆ.

ಬೆಂಗಳೂರಿಂದ ಬಂದ ಆ ಇಬ್ಬರು ಸುಳ್ಳು ಬರೆದಿರ್ತಾರೆ ಅಂತ ನನಗನ್ನಿಸಲ್ಲ. ಅವರ ಟ್ಯಾಬಲ್ಲಿ ಇದ್ದಿದ್ದು "ಗಾಲಿಕುರ್ಚಿ ಸಿಕ್ಕಿದೆಯಾ? ಬಳಸ್ತಿದೀರಾ?" ಅನ್ನೋ ಪ್ರಶ್ನೆ ಇರ್ಬೇಕು. ಪಕ್ಕದಲ್ಲಿ ನೀವು ನಿಂತಿದೀರಿ, ಆ ಕುರ್ಚಿ ಕೊಡಿಸಿದ್ದೇ ನೀವು, ನಾಳೆ ಪಿಂಚಣಿ ನಿಂತ್ರೆ ಓಡಾಡಬೇಕಾದ್ದೂ ನೀವೇ. ಯಾವ ತಾಯಿ "ಇಲ್ಲ" ಅಂತಾಳೆ ಹೇಳಿ? ನಾನು ಈ ಕೆಲಸಕ್ಕೆ ಬಂದ ಹೊಸದ್ರಲ್ಲಿ ಒಂದು ಊರಲ್ಲಿ ಅಂಗನವಾಡಿ ಬಗ್ಗೆ ಸರ್ವೆ ಮಾಡಿದ್ವಿ, ಊರಿನ ಹೆಂಗಸರೆಲ್ಲ ಮೊಟ್ಟೆ ಸರಿಯಾಗಿ ಸಿಗುತ್ತೆ ಅಂದ್ರು, ನಾನೂ ಬರ್ಕೊಂಡೆ. ಸಂಜೆ ಬಸ್ಸಿಗೆ ಕಾಯ್ತಾ ಇದ್ದಾಗ ಒಬ್ಬ ಅಜ್ಜಿ ಬಂದು ಪಕ್ಕ ಕೂತು, "ಬೆಳಿಗ್ಗೆ ಟೀಚರ್ ಎದುರು ಹೇಳಿದ್ದು ಬಿಡವ್ವ, ಈಗ ಹೇಳ್ತೀನಿ ಕೇಳು" ಅಂತ ಶುರು ಮಾಡಿದ್ರು. ಅವತ್ತು ಬಸ್ ಬರೋಕೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಆ ಮುಕ್ಕಾಲು ಗಂಟೇಲಿ ಕಲಿತಿದ್ದು ಎರಡು ವರ್ಷದ ಕೋರ್ಸಲ್ಲೂ ಸಿಕ್ಕಿರಲಿಲ್ಲ. ಪ್ರಶ್ನೆ ಯಾರದ್ದು, ಅದನ್ನ ಯಾರ ಎದುರು ಕೇಳ್ತೀವಿ, ಉತ್ತರದಿಂದ ಯಾರಿಗೆ ನಷ್ಟ ಆಗ್ಬಹುದು, ಇವು ಮೂರು ನೋಡದೆ ಹೋದ್ರೆ ಎಷ್ಟು ಚೆನ್ನಾಗಿರೋ ಟ್ಯಾಬ್ ಇದ್ರೂ ತಪ್ಪು ಉತ್ತರಾನೇ ನೀಟಾಗಿ ಸೇವ್ ಆಗುತ್ತೆ.

ಸಮುದಾಯ ಆಧಾರಿತ ಸಂಶೋಧನೆ ಅಂತಾರಲ್ಲ, ಅದು ಹುಟ್ಟಿದ್ದೇ ಈ ಸಮಸ್ಯೆಯಿಂದ. (ನಿಮ್ಮ ಕ್ಷೇತ್ರದಲ್ಲಿ ಸಿಬಿಆರ್ ಅಂದ್ರೆ ಸಮುದಾಯ ಆಧಾರಿತ ಪುನರ್ವಸತಿ, ಸಂಶೋಧನೆಯೋರಿಗೆ ಸಿಬಿಆರ್ ಅಂದ್ರೆ ಇದು, ಕೋರ್ಸ್ ವಿವರ ಓದೋವಾಗ ಗೊಂದಲ ಮಾಡ್ಕೋಬೇಡಿ.) ಜನರನ್ನ ಬರೀ ಉತ್ತರ ಕೊಡೋರನ್ನಾಗಿ ನೋಡದೆ ಪ್ರಶ್ನೆ ಮಾಡೋದ್ರಲ್ಲೂ, ಮಾಹಿತಿ ಕೂಡಿಸೋದ್ರಲ್ಲೂ, ಅದರ ಅರ್ಥ ಏನು ಅಂತ ಕೂತು ನೋಡೋದ್ರಲ್ಲೂ ಪಾಲುದಾರರಾಗಿ ಸೇರಿಸ್ಕೊಳ್ಳೋದು, ಅಷ್ಟೇ ವಿಷಯ. ಮನೋವಿಜ್ಞಾನಿ ಕರ್ಟ್ ಲೆವಿನ್ 1940ರ ದಶಕದಲ್ಲಿ ಅಮೆರಿಕದಲ್ಲಿ ಆಕ್ಷನ್ ರಿಸರ್ಚ್ ಅಂತ ಹೆಸರಿಟ್ಟು ಮಾತಾಡಿದ್ರು, ದಿಲ್ಲೀಲಿ ರಾಜೇಶ್ ಟಂಡನ್ ಅವರು 1982ರಲ್ಲಿ ಪ್ರಿಯಾ ಸಂಸ್ಥೆ ಕಟ್ಟಿ ಸಹಭಾಗಿ ಸಂಶೋಧನೆಯನ್ನ ಇಲ್ಲಿ ಬೆಳೆಸಿದ್ರು. ಇದು ಹೊರಗಿಂದ ಬಂದ ಹೊಸ ಫ್ಯಾಷನ್ ಅನ್ಕೋಬೇಡಿ, ನಮ್ಮಲ್ಲೇ 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ 80ರ ದಶಕದ ಕೊನೇಲಿ ಹಳ್ಳಿ ಜನರ ಜೊತೆ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಡ್ಡೀಲಿ ಊರಿನ ನಕ್ಷೆ ಬಿಡಿಸೋ ಪಿಆರ್‌ಎ ವಿಧಾನಾನ ದೊಡ್ಡ ಮಟ್ಟದಲ್ಲಿ ಮಾಡ್ತಾ ಇತ್ತು. ನೀವು ಟ್ರೈನಿಂಗಲ್ಲಿ ಮಾಡಿರ್ತೀರಿ ಬಿಡಿ.

ಅದಕ್ಕಿಂತ ಹಿಂದಿನದೊಂದು ಉದಾಹರಣೆ ನನಗೆ ತುಂಬಾ ಇಷ್ಟ, ಕ್ಲಾಸಲ್ಲಿ ಪ್ರತಿ ವರ್ಷ ಹೇಳ್ತೀನಿ. ಬೆಂಗಳೂರಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಆಗ ಎಲ್ಲರ ನಂಬಿಕೆ ಏನಿತ್ತು ಅಂದ್ರೆ ಹಳ್ಳಿ ಜನಕ್ಕೆ ಕಾಯಿಲೆ ಬಗ್ಗೆ ತಿಳುವಳಿಕೆ ಇಲ್ಲ, ಆಸ್ಪತ್ರೆಗೆ ಬರಲ್ಲ, ನಾವೇ ಎಕ್ಸ್‌ರೇ ವ್ಯಾನ್ ತಗೊಂಡು ಹುಡುಕಿಕೊಂಡು ಹೋಗ್ಬೇಕು ಅಂತ. ಸಮಾಜಶಾಸ್ತ್ರದ ದೃಷ್ಟಿ ಇದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದೋರನ್ನೇ ಕೂರಿಸಿಕೊಂಡು ಕೇಳಿದ್ರು, 1963ರಲ್ಲಿ ಪ್ರಕಟ ಆಯ್ತು ಆ ಅಧ್ಯಯನ. ನೋಡಿದ್ರೆ ಹೆಚ್ಚಿನೋರಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು, ಚಿಂತೆನೂ ಇತ್ತು, ಅರ್ಧಕ್ಕಿಂತ ಹೆಚ್ಚು ಜನ ಅದಾಗ್ಲೇ ಚಿಕಿತ್ಸೆಗೆ ಅಂತ ಹೋಗಿ ಬಂದಿದ್ರು. ಅಲ್ಲಿ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ಕಳಿಸ್ತಿದ್ರು. ಅಂದ್ರೆ ಜನ ಬರಲ್ಲ ಅನ್ನೋದೇ ತಪ್ಪು, ಬಂದವರನ್ನ ವ್ಯವಸ್ಥೆ ಗುರುತಿಸ್ತಿರಲಿಲ್ಲ! ಕ್ಷಯ ಚಿಕಿತ್ಸೇನ ಸಾಮಾನ್ಯ ಆಸ್ಪತ್ರೆಗಳ ಒಳಗೇ ಸೇರಿಸ್ಬೇಕು ಅನ್ನೋ ರಾಷ್ಟ್ರೀಯ ಕಾರ್ಯಕ್ರಮದ ವಿಚಾರಕ್ಕೆ ಇಂಥ ಕೆಲಸ ಬಲ ಕೊಡ್ತು. ಒಂದು ಪ್ರಶ್ನೆ ತಿರುಗಿಸಿ ಕೇಳಿದ್ದಕ್ಕೆ ಆದ ಬದಲಾವಣೆ ಅದು.

ನಿಮ್ಮ ವಿಷಯದಲ್ಲೂ ಹಾಗೇನೇ. ಫಂಡರ್ ಪ್ರಶ್ನೆ ಎಷ್ಟು ಕುರ್ಚಿ ಕೊಟ್ರಿ, ಎಷ್ಟು ಥೆರಪಿ ಸೆಷನ್ ಆಯ್ತು ಅಂತ. ತಾಯಂದಿರ ಗುಂಪಲ್ಲಿ ಕೇಳಿ ನೋಡಿ, ನನಗೆ ಗೊತ್ತಿರೋ ಮಟ್ಟಿಗೆ ಅವರ ಪ್ರಶ್ನೆ ಬೇರೇನೇ ಇರುತ್ತೆ, ನಾನು ಕೂಲಿಗೆ ಹೋದ್ರೆ ಮಗೂನ ಯಾರು ನೋಡ್ಕೋತಾರೆ, ಥೆರಪಿಯೋರು 11 ಗಂಟೆಗೆ ಬರ್ತಾರೆ ಆಗ ನಾನು ಹೊಲದಲ್ಲಿರ್ತೀನಿ, ನಾನು ಸತ್ತ ಮೇಲೆ ಇವನ ಗತಿ ಏನು. ಈ ಪ್ರಶ್ನೆಗಳಿಂದ ಶುರುವಾಗೋ ಮೌಲ್ಯಮಾಪನಕ್ಕೂ ಕುರ್ಚಿ ಎಣಿಸೋ ಮೌಲ್ಯಮಾಪನಕ್ಕೂ ಭೂಮಿ ಆಕಾಶ ವ್ಯತ್ಯಾಸ. ಹಾಗಂತ ಕುರ್ಚಿ ಎಣಿಸಬಾರದು ಅಂತಲ್ಲ, ದುಡ್ಡು ಕೊಟ್ಟೋರಿಗೆ ಲೆಕ್ಕ ಕೊಡ್ಲೇಬೇಕು.

ಈಗ ಜನ ನಿಮಗೆ ಹೇಳಿದ ಒಂದೊಂದು ಮಾತು ನೋಡೋಣ.

ವಯಸ್ಸು ಮೀರಿದೆ ಅನ್ನೋದು ತಪ್ಪು, ಇದನ್ನ ಮೊದಲು ತಲೆಯಿಂದ ತೆಗೀರಿ. ಯುಜಿಸಿ ನೆಟ್ ಪರೀಕ್ಷೇಲಿ ಜೆಆರ್‌ಎಫ್‌ಗೆ (ಸಂಶೋಧನೆ ಮಾಡೋರಿಗೆ ತಿಂಗಳು ತಿಂಗಳು ಸಿಗೋ ಫೆಲೋಶಿಪ್) 30 ವರ್ಷದ ಮಿತಿ ಇದೆ ನಿಜ, ಆದ್ರೆ ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ, ಎಸ್‌ಸಿ, ಎಸ್‌ಟಿ, ಒಬಿಸಿ, ವಿಕಲಚೇತನರಿಗೂ ಇದೆ. ಅಂದ್ರೆ ನಿಮಗೆ ಇನ್ನೂ ಸಮಯ ಇದೆ. ಫೆಲೋಶಿಪ್ ಬೇಡ, ಬರೀ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಸಾಕು ಅಂದ್ರೆ ವಯಸ್ಸಿನ ಮಿತೀನೇ ಇಲ್ಲ. ಇಷ್ಟು ಸಣ್ಣ ವಿಷಯ ಯಾರೂ ಹೇಳದೆ ಎಷ್ಟು ಜನ ಹೆಣ್ಮಕ್ಕಳು 30 ದಾಟ್ತು ಅಂತ ಸುಮ್ನೆ ಬಿಟ್ಟಿದಾರೋ, ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಪಿಎಚ್‌ಡಿ ಇಲ್ಲದೆ ಯಾರೂ ಕೇಳಲ್ಲ ಅನ್ನೋದು ಅರ್ಧ ಸತ್ಯ. ಯೂನಿವರ್ಸಿಟಿ ಕೆಲಸಕ್ಕೆ, ದೊಡ್ಡ ಸಂಶೋಧನಾ ಸಂಸ್ಥೆಗೆ ಬೇಕು. ಎನ್‌ಜಿಓಗಳಲ್ಲಿ ಎಂ ಅಂಡ್ ಇ (ಉಸ್ತುವಾರಿ ಮತ್ತು ಮೌಲ್ಯಮಾಪನ) ಆಫೀಸರ್, ಕನ್ಸಲ್ಟೆನ್ಸಿಗಳಲ್ಲಿ ರಿಸರ್ಚ್ ಅಸೋಸಿಯೇಟ್ ಇಂಥ ಕೆಲಸಕ್ಕೆಲ್ಲ ಮಾಸ್ಟರ್ಸ್ ಜೊತೆ ಫೀಲ್ಡ್ ಅನುಭವ ಮತ್ತು ನೀವೇ ಬರೆದ ಒಂದೆರಡು ಒಳ್ಳೆ ರಿಪೋರ್ಟ್ ಇದ್ರೆ ಕೇಳ್ತಾರೆ. ಕೆಲಸ ಎಲ್ಲಿದೆ ಅಂತೀರಾ, ನಮ್ಮ ರಾಜ್ಯದಲ್ಲಿ 2000ದಲ್ಲೇ ಮೌಲ್ಯಮಾಪನ ನೀತಿ ಬಂತು, 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಆಯ್ತು, ಇಲಾಖೆಗಳ ಯೋಜನೆಗಳನ್ನ ಹೊರಗಿನ ಸಂಸ್ಥೆಗಳಿಂದ ಅಳೆಸೋದೇ ಅದರ ಕೆಲಸ. ದಿಲ್ಲೀಲಿ ನೀತಿ ಆಯೋಗದ ಒಳಗೆ 2015ರಿಂದ ಇದಕ್ಕಂತಾನೇ ಡಿಎಂಇಓ ಅನ್ನೋ ಕಚೇರಿ ಇದೆ. ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡ್ಬೇಕಾದ ಸಿಎಸ್‌ಆರ್ ದುಡ್ಡಿಗೂ 2021ರಲ್ಲಿ ನಿಯಮ ಬದಲಾಯ್ತು, ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಸಿಎಸ್‌ಆರ್ ಬಾಧ್ಯತೆ ಇರೋ ಕಂಪನಿ, 1 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ಪ್ರಾಜೆಕ್ಟ್ ಮುಗಿದು ಒಂದು ವರ್ಷ ಆದಮೇಲೆ ಸ್ವತಂತ್ರ ಸಂಸ್ಥೆಯಿಂದ ಇಂಪ್ಯಾಕ್ಟ್ ಅಸೆಸ್‌ಮೆಂಟ್ ಮಾಡಿಸ್ಲೇಬೇಕು. ಹಾಗಾಗಿ ಕೆಲಸ ಹೆಚ್ಚಾಗಿದೆ. ಆದ್ರೆ ಒಂದು ಎಚ್ಚರಿಕೆ, ಇದರಲ್ಲಿ ಎಷ್ಟೋ ಕೆಲಸ ನಿಮ್ಮಲ್ಲಿಗೆ ಬಂದ ಆ 2 ದಿನದ ಥರದ್ದೇ. ಓದು ಮುಗಿಸಿ ನೀವೂ ಅದೇ ಟ್ಯಾಬ್ ಹಿಡ್ಕೊಂಡು ಇನ್ನೊಂದು ಜಿಲ್ಲೆಗೆ 2 ದಿನಕ್ಕೆ ಹೋಗೋ ಪರಿಸ್ಥಿತಿ ಬರ್ಬಹುದು, ಆಗ ಬೇಡ ಅನ್ನೋ ಧೈರ್ಯ, ಇಲ್ಲಾ ಇನ್ನೂ 4 ದಿನ ಬೇಕು ಅಂತ ಬಜೆಟ್ ಹಂತದಲ್ಲೇ ವಾದ ಮಾಡೋ ಜ್ಞಾನ ನಿಮ್ಮ ಹತ್ರ ಇರ್ಬೇಕು.

ಸ್ಟ್ಯಾಟಿಸ್ಟಿಕ್ಸ್ ಬರ್ಬೇಕು ಅನ್ನೋದು ನಿಜ. ಇದರಲ್ಲಿ ನಿಮಗೆ ಸಮಾಧಾನದ ಮಾತು ಹೇಳಲ್ಲ, ಕಲೀಲೇಬೇಕು. ಆದ್ರೆ ಭಯ ಇರೋದು ಸೂತ್ರದ ಬಗ್ಗೆ, ಬೇಕಾಗಿರೋದು ಯೋಚನೆ. ನಿಮ್ಮ ಥೆರಪಿ ಕಾರ್ಯಕ್ರಮಾನೇ ತಗೊಳ್ಳಿ. ಉದಾಹರಣೆಗೆ 60 ಮಕ್ಕಳಿದ್ರು ಅನ್ಕೊಳ್ಳೋಣ, ವರ್ಷದ ಕೊನೆಗೆ 40 ಮಕ್ಕಳನ್ನ ನೋಡಿದ್ರಿ, 30 ಮಕ್ಕಳಲ್ಲಿ ಸುಧಾರಣೆ ಕಾಣ್ತು. ರಿಪೋರ್ಟಲ್ಲಿ 75% ಅಂತ ಬರುತ್ತೆ. ಉಳಿದ 20 ಮಕ್ಕಳೆಲ್ಲಿ? ಗುಳೆ ಹೋದ್ರು, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಪುಣೆಗೋ. ಗುಳೆ ಹೋಗೋರು ಯಾರು, ಕಷ್ಟ ಜಾಸ್ತಿ ಇದ್ದೋರು, ಅಂದ್ರೆ ಯಾರಿಗೆ ನಿಮ್ಮ ಸೇವೆ ತಲುಪೋದು ಅತಿ ಕಷ್ಟವೋ ಅವರೇ ಲೆಕ್ಕದಿಂದ ಜಾರಿ ಹೋದ್ರು. ಇನ್ನೊಂದು ಕಡೆ 3 ವರ್ಷದ ಮಗು 4 ವರ್ಷ ಆಗೋವಾಗ ಥೆರಪಿ ಇಲ್ಲದೇ ಇದ್ರೂ ಸ್ವಲ್ಪ ಬೆಳೆಯುತ್ತೆ, ಆ ಬೆಳವಣಿಗೇನ ನಿಮ್ಮ ಕಾರ್ಯಕ್ರಮದ ಫಲ ಅಂತ ಬರ್ಕೊಂಡ್ರೆ ಹೇಗೆ? ಅದಕ್ಕೇ ಹೋಲಿಕೆ ಗುಂಪು ಬೇಕು ಅನ್ನೋದು. ಥೆರಪಿ ಕೊಡದೇ ಸುಮ್ನೆ ನೋಡ್ತಾ ಕೂರೋದು ಅನ್ಯಾಯ, ಆದ್ರೆ ನಿಮ್ಮ ಹತ್ರ ಹೇಗೂ ಕಾಯ್ತಾ ಇರೋರ ಪಟ್ಟಿ ಇರುತ್ತಲ್ಲ, ಥೆರಪಿಸ್ಟ್ ಸಾಲದೆ ಮುಂದಿನ ಸರದಿಗೆ ಇಟ್ಟಿರೋ ಮಕ್ಕಳು, ಅವರನ್ನ ಅದೇ ಸಮಯದಲ್ಲಿ ಅಳೆದ್ರೆ ಹೋಲಿಕೆ ಸಿಕ್ತು. ಈ ಯೋಚನೆ ಬಂದ್ರೆ ಸ್ಟ್ಯಾಟಿಸ್ಟಿಕ್ಸ್‌ನ ಬೆನ್ನೆಲುಬು ಬಂತು ಅಂತ, ಲೆಕ್ಕ ಸಾಫ್ಟ್‌ವೇರ್ ಮಾಡುತ್ತೆ.

ಇನ್ನೊಂದು, ಎಲ್ಲಾ ಥೀಸಿಸಲ್ಲೂ ಸ್ಯಾಂಪಲ್ 384 ಅಂತ ಇರುತ್ತೆ ನೋಡಿ. ಅದು ಮಂತ್ರ ಆಗ್ಬಿಟ್ಟಿದೆ. 95% ವಿಶ್ವಾಸ, 5% ತಪ್ಪಿನ ಅಂಚು, ದೊಡ್ಡ ಜನಸಂಖ್ಯೆ, ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಆರಿಸೋದು, ಒಂದೇ ಒಂದು ಪ್ರಮಾಣ ಅಳೆಯೋದು, ಇಷ್ಟೆಲ್ಲ ಸೇರಿದಾಗ ಬರೋ ಸಂಖ್ಯೆ ಅದು. ಮೊದಲು ಹಳ್ಳಿ ಆರಿಸಿ ಆಮೇಲೆ ಮನೆ ಆರಿಸಿದ್ರೆ ಅಷ್ಟು ಸಾಲಲ್ಲ, ಎರಡು ತಾಲೂಕು ಹೋಲಿಸ್ಬೇಕು ಅಂದ್ರೂ ಸಾಲಲ್ಲ. ನಿಮ್ಮ ಹತ್ರ ಇರೋದೇ 60 ಮಕ್ಕಳಾದ್ರೆ ಸ್ಯಾಂಪಲ್ಲೇ ಬೇಡ, ಎಲ್ಲರ ಮನೇನೂ ಸೇರಿಸ್ಕೊಳ್ಳಿ. ಇದನ್ನ ಯಾಕೆ ಹೇಳ್ದೆ ಅಂದ್ರೆ ಕೋರ್ಸ್ ಆರಿಸೋವಾಗ ಅಲ್ಲಿ ಮೇಷ್ಟ್ರು 384 ಬರ್ಕೊಳ್ಳಿ ಅಂತ ಹೇಳೋರಾ, ಯಾಕೆ 384 ಅಂತ ಹೇಳಿಕೊಡೋರಾ, ವಿಚಾರಿಸಿ.

ಪ್ರಶ್ನೆ ಬದಲಾದ್ರೆ ಸಂಖ್ಯೆನೂ ಬದಲಾಗುತ್ತೆ ಅನ್ನೋದಕ್ಕೆ ನಿಮ್ಮ ಕ್ಷೇತ್ರದಲ್ಲೇ ದೊಡ್ಡ ಸಾಕ್ಷಿ ಇದೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಕಲಚೇತನರು 2.68 ಕೋಟಿ, ಜನಸಂಖ್ಯೆಯ 2.21%. ಮನೆ ಬಾಗಿಲಲ್ಲಿ ನಿಂತು "ನಿಮ್ಮನೇಲಿ ಅಂಗವಿಕಲರು ಇದಾರಾ" ಅಂತ ಕೇಳಿದ್ರೆ ಮದುವೆಗಿರೋ ಮಗಳಿದ್ದ ಮನೆಯೋರು ಏನ್ ಹೇಳ್ತಾರೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ವಾಷಿಂಗ್ಟನ್ ಗ್ರೂಪ್ ಅನ್ನೋ ಅಂತರರಾಷ್ಟ್ರೀಯ ತಂಡ 6 ಪ್ರಶ್ನೆ ಮಾಡಿದೆ, ಅಂಗವಿಕಲ ಅನ್ನೋ ಪದಾನೇ ಇಲ್ಲ ಅದರಲ್ಲಿ, ನೋಡೋಕೆ, ಕೇಳೋಕೆ, ನಡೆಯೋಕೆ, ನೆನಪಿಟ್ಕೊಳ್ಳೋಕೆ, ಸ್ನಾನ ಬಟ್ಟೆ ಮಾಡ್ಕೊಳ್ಳೋಕೆ, ಮಾತು ತಿಳಿಸೋಕೆ ಕಷ್ಟ ಆಗುತ್ತಾ, ಎಷ್ಟು ಕಷ್ಟ, ಅಂತ ಕೇಳ್ತಾರೆ. ಹೀಗೆ ಕೇಳಿದಾಗ ಸಾಮಾನ್ಯವಾಗಿ ಹೆಚ್ಚು ಜನ ಲೆಕ್ಕಕ್ಕೆ ಬರ್ತಾರೆ.

ಕನ್ನಡ ಮೀಡಿಯಂ ವಿಷಯ. ಇಂಗ್ಲಿಷ್ ಓದೋಕೆ ಬೇಕು, ಇದರಲ್ಲಿ ಮುಚ್ಚುಮರೆ ಇಲ್ಲ, ಒಳ್ಳೆ ಪುಸ್ತಕ ಲೇಖನ ಹೆಚ್ಚಿನವು ಅದರಲ್ಲೇ ಇವೆ, ನೆಟ್‌ನಲ್ಲಿ ಸೋಷಿಯಲ್ ವರ್ಕ್ ಪೇಪರ್ ಇಂಗ್ಲಿಷ್ ಹಿಂದಿಯಲ್ಲಿ ಮಾತ್ರ ಬರುತ್ತೆ. ಆದ್ರೆ ಓದಿ ಅರ್ಥ ಮಾಡ್ಕೊಳ್ಳೋದು ಬೇರೆ, ಸ್ಟೈಲಾಗಿ ಮಾತಾಡೋದು ಬೇರೆ. ನಿಮಗೆ ಇರೋ ಒಂದು ಶಕ್ತಿ ಬೆಂಗಳೂರಿಂದ ಬಂದ ಇಬ್ಬರಿಗೆ ಇಲ್ಲ, ನಿಮ್ಮ ಕಡೆ ಕನ್ನಡದಲ್ಲಿ ಒಬ್ಬ ತಾಯಿ "ನಡೀತೈತ್ರಿ" ಅಂದಾಗ ಅದು ಚೆನ್ನಾಗಿದೆ ಅಂತನಾ, ಬೇರೆ ದಾರಿ ಇಲ್ಲ ಅಂತನಾ, ದನಿ ಕೇಳಿ ನೀವು ಹೇಳಬಲ್ಲಿರಿ. ಬೇರೆಯವರ ಪಟ್ಟೀಲಿ ಅದು "ತೃಪ್ತಿ ಇದೆ" ಅಂತ ಟಿಕ್ ಆಗುತ್ತೆ. ಕನ್ನಡದಲ್ಲೇ ಸಂಶೋಧನೆ ಮಾಡ್ಬೇಕು ಅಂದ್ರೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಿಮಗೆ ಹತ್ರಾನೇ ಇದೆ, ಅಲ್ಲಿ ಅಭಿವೃದ್ಧಿ ಅಧ್ಯಯನ ವಿಭಾಗ ಇದೆ, ಮಹಿಳಾ ಅಧ್ಯಯನ ವಿಭಾಗ ಇದೆ. ಕನ್ನಡದಲ್ಲಿ ಬರೆದ ಮೌಲ್ಯಮಾಪನ ಆ ತಾಯಂದಿರು ಕೂತು ಓದಿಸ್ಕೊಂಡು ಕೇಳೋ ಹಾಗಿರುತ್ತೆ, ನನ್ನ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ.

ಸರಿ, ದಾರಿಗಳು ಯಾವುವು.

ಆನ್‌ಲೈನ್ ಸರ್ಟಿಫಿಕೇಟ್ ಕೇಳಿದ್ರಿ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲಲ್ಲಿ ರಿಸರ್ಚ್ ಮೆಥಡಾಲಜಿ, ಸ್ಟ್ಯಾಟಿಸ್ಟಿಕ್ಸ್ ಪಾಠ ಫ್ರೀ ಇವೆ, ಪರೀಕ್ಷೆ ಬರೀಬೇಕಾದ್ರೆ ಮಾತ್ರ ಫೀಸು. ಕಲಿಯೋಕೆ ಒಳ್ಳೇದು, ಖಂಡಿತ ಮಾಡಿ. ಆದ್ರೆ ಬರೀ ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲ್ಲ, ಕಲಿತಿದ್ದನ್ನ ಬಳಸಿ ಏನ್ ಮಾಡಿದ್ರಿ ಅಂತ ಕೇಳ್ತಾರೆ. ಸಾವಿರಾರು ರೂಪಾಯಿ ತಗೊಂಡು 3 ತಿಂಗಳಲ್ಲಿ "ಸರ್ಟಿಫೈಡ್ ಎಂ ಅಂಡ್ ಇ ಎಕ್ಸ್‌ಪರ್ಟ್" ಮಾಡ್ತೀವಿ ಅನ್ನೋ ಜಾಹೀರಾತು ಬರ್ತಾ ಇರುತ್ತೆ, ದಯವಿಟ್ಟು ಅದಕ್ಕೆ ಸಾಲ ಮಾಡ್ಬೇಡಿ.

ಎರಡನೇ ಮಾಸ್ಟರ್ಸ್ ಬೇಕಾ? ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎಂಎ ಡೆವಲಪ್‌ಮೆಂಟ್ ಇದೆ, ಮನೆ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡ್ತಾರೆ. ಮುಂಬೈ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) 1936ರಿಂದ ಸಮಾಜಕಾರ್ಯ ಕಲಿಸ್ತಿರೋ ಜಾಗ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, 2016ರ ಕಾಯ್ದೆಯಿಂದ ಬಂದಿದ್ದು. ಎಲ್ಲಾ ಒಳ್ಳೇವೇ. ಆದ್ರೆ ನಿಮಗೆ ಮಾಸ್ಟರ್ಸ್ ಅದಾಗ್ಲೇ ಇದೆ. ಇನ್ನೊಂದಕ್ಕೆ 2 ವರ್ಷ ಅಂದ್ರೆ 24 ತಿಂಗಳ ಪಗಾರ, ನಿಮ್ಮ ಲೆಕ್ಕದಲ್ಲಿ 4 ಲಕ್ಷ 32 ಸಾವಿರ, ಅದರ ಮೇಲೆ ಊಟ ಹಾಸ್ಟೆಲ್. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದ್ರೂ ಈ ಪಗಾರದ ನಷ್ಟ ಇದ್ದೇ ಇರುತ್ತೆ. ನಿಮ್ಮ ಎಂಎಸ್‌ಡಬ್ಲ್ಯೂನಲ್ಲಿ ಸಂಶೋಧನಾ ಪಾಠ ನಿಜಕ್ಕೂ ಹೆಸರಿಗಷ್ಟೇ ಇತ್ತು, ಬರವಣಿಗೆ ಓದು ಎರಡೂ ಮೊದಲಿಂದ ಗಟ್ಟಿ ಮಾಡ್ಕೋಬೇಕು ಅನ್ನಿಸಿದ್ರೆ ಮಾತ್ರ ಈ ದಾರಿ.

ಪಿಎಚ್‌ಡಿ. ಎಂಫಿಲ್ ಈಗ ಇಲ್ಲ, 2022ರ ಯುಜಿಸಿ ನಿಯಮದಲ್ಲಿ ಕೈಬಿಟ್ರು. ಪಿಎಚ್‌ಡಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷ ಹೆಚ್ಚು ಸಿಗಬಹುದು. ಅದೇ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೂ ಅವಕಾಶ ಇದೆ, ನಿಮ್ಮ ಸಂಸ್ಥೆ ಎನ್‌ಓಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಕೊಡ್ಬೇಕು ಅಷ್ಟೆ. ಬೆಂಗಳೂರಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ ಇದೆ, ಧಾರವಾಡದಲ್ಲಿ ಸಿಎಂಡಿಆರ್ ಇದೆ, ಇಂಥ ಸಂಶೋಧನಾ ಸಂಸ್ಥೆಗಳಲ್ಲಿ ಸರ್ಕಾರಿ ಯೋಜನೆಗಳ ಅಧ್ಯಯನ ಹತ್ತಿರದಿಂದ ನೋಡೋಕೆ ಸಿಗುತ್ತೆ. ನೆಟ್ ಬರೆದು ಜೆಆರ್‌ಎಫ್ ಸಿಕ್ರೆ ತಿಂಗಳಿಗೆ 37,000, ನಿಮ್ಮ ಈಗಿನ ಪಗಾರದ ಎರಡರಷ್ಟು. ಸಿಗೋದು ಕೆಲವೇ ಜನಕ್ಕೆ, ಅದಕ್ಕೆ ಒಂದು ವರ್ಷ ಗಟ್ಟಿಯಾಗಿ ಕೂತು ಓದ್ಬೇಕು. 2024ರಿಂದ ಜೆಆರ್‌ಎಫ್ ಬರದಿದ್ರೂ ನೆಟ್ ಅಂಕದ ಮೇಲೆ ಪಿಎಚ್‌ಡಿ ಪ್ರವೇಶಕ್ಕೆ ದಾರಿ ಮಾಡಿದಾರೆ. ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್‌ನೂ ಬರೀಬಹುದು, ಆದ್ರೆ ಅದರಿಂದ ಫೆಲೋಶಿಪ್ ಬರಲ್ಲ, ಇಲ್ಲಿನ ಕಾಲೇಜಲ್ಲಿ ಪಾಠ ಮಾಡೋ ಅರ್ಹತೆ ಬರುತ್ತೆ.

ಪಿಎಚ್‌ಡಿಯಲ್ಲಿ ದೊಡ್ಡ ಅಪಾಯ ದುಡ್ಡಲ್ಲ, ಗೈಡ್. ಇದನ್ನ ಒತ್ತಿ ಹೇಳ್ತೀನಿ. ಕೆಲವು ಗೈಡ್‌ಗಳಿಗೆ ಸಮುದಾಯದ ಜೊತೆ ಕೂತು ಪ್ರಶ್ನೆ ಮಾಡೋದು ಅಂದ್ರೆ ಸಂಶೋಧನೆನೇ ಅಲ್ಲ, ಮೊದಲ ತಿಂಗಳಲ್ಲೇ ಪ್ರಶ್ನಾವಳಿ ಮುಗಿಸು ಅಂತಾರೆ. ನಿಜ ಹೇಳ್ಬೇಕಂದ್ರೆ ನಮ್ಮ ಯೂನಿವರ್ಸಿಟಿ ವ್ಯವಸ್ಥೇಲಿ ಸಿನಾಪ್ಸಿಸ್ ಮೊದಲೇ ಕೊಡ್ಬೇಕು, ಅದರಲ್ಲಿ ಪ್ರಶ್ನೆ, ಉದ್ದೇಶ, ಸ್ಯಾಂಪಲ್ ಎಲ್ಲಾ ಬರೆದಿರ್ಬೇಕು, ಜನರನ್ನ ಕೇಳಿ ಪ್ರಶ್ನೆ ಮಾಡೋಣ ಅಂದ್ರೆ ಆ ಹೊತ್ತಿಗೆ ತಡ ಆಗಿರುತ್ತೆ. ಇದಕ್ಕೆ ನನ್ನ ವಿದ್ಯಾರ್ಥಿಗಳು ಕಂಡ್ಕೊಂಡ ದಾರಿ ಅಂದ್ರೆ ಸೇರೋಕೆ ಮುಂಚೆನೇ ಜನರ ಜೊತೆ ಕೂತು ಪ್ರಶ್ನೆ ತಯಾರು ಮಾಡ್ಕೊಂಡು ಹೋಗೋದು. ಅದಕ್ಕೇ ಗೈಡನ್ನ ಭೇಟಿ ಮಾಡಿದಾಗ ಒಂದೇ ಮಾತು ಕೇಳಿ, ನಿಮ್ಮ ಹಿಂದಿನ ವಿದ್ಯಾರ್ಥಿಗಳು ಅಧ್ಯಯನ ಮುಗಿದ ಮೇಲೆ ಆ ಊರಿಗೆ ವಾಪಸ್ ಹೋಗಿ ಏನ್ ಕಂಡುಬಂತು ಅಂತ ಹೇಳಿದಾರಾ? ಆ ಉತ್ತರದಲ್ಲಿ ನಿಮಗೆ ಬೇಕಾಗಿದ್ದೆಲ್ಲ ಗೊತ್ತಾಗುತ್ತೆ.

ವಿದೇಶದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಒಂದು ಮಾತು. ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆ ಕೆಲಸದ ಅನುಭವ ಕೇಳ್ತಾರೆ, ನಿಮ್ಮ ಹತ್ರ ಅದರ ಎಷ್ಟೋ ಪಟ್ಟು ಇದೆ, ಒಂದು ವರ್ಷದ ಮಾಸ್ಟರ್ಸ್ ಅದು. ಇಂಗ್ಲಿಷ್ ಬರವಣಿಗೆ ಇನ್ನೂ 2 ವರ್ಷ ಬೆಳೆಸ್ಕೊಂಡ ಮೇಲೆ ಯೋಚನೆ ಮಾಡಿ, ಈಗಲ್ಲ.

ನಿಮಗೆ ನನ್ನ ಸಲಹೆ ಇದು. ಕೆಲಸ ಬಿಡ್ಬೇಡಿ. ಮುಂದಿನ 6 ತಿಂಗಳಲ್ಲಿ ನಿಮ್ಮ ಗಾಲಿಕುರ್ಚಿ ಪ್ರಶ್ನೆಯನ್ನೇ ಒಂದು ಸಣ್ಣ ಮೌಲ್ಯಮಾಪನ ಮಾಡಿ. ತಾಯಂದಿರ ಗುಂಪಿಂದ 5-6 ಜನರನ್ನ ಕರೀರಿ, ಕುರ್ಚಿ ಬಳಸೋ ಒಬ್ಬಿಬ್ಬರು ದೊಡ್ಡ ಮಕ್ಕಳನ್ನೂ ಸೇರಿಸಿ, ಪಂಚಾಯ್ತಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇದ್ರೆ ಅವರನ್ನೂ. ಏನ್ ಕೇಳ್ಬೇಕು ಅಂತ ಅವರೇ ಹೇಳ್ಲಿ. ಹೊಸ್ತಿಲು ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ, ಕುರ್ಚಿ ಎಷ್ಟು ಅಗಲ, ಟೇಪಲ್ಲಿ ಅಳೆಸಿ, ಅಭಿಪ್ರಾಯ ಕೇಳೋದಕ್ಕಿಂತ ಇದು ಗಟ್ಟಿ ಸಾಕ್ಷಿ. ಹೋದ ವಾರದಲ್ಲಿ ಯಾವ್ಯಾವ ದಿನ ಕುರ್ಚೀಲಿ ಕೂತ, ಎಲ್ಲಿಗೆ ಹೋದ ಅಂತ ಕೇಳಿ, ಬಳಸ್ತೀರಾ ಅಂತ ಕೇಳ್ಬೇಡಿ. ಮುಖ್ಯವಾದ್ದು, ನೀವು ಮನೆಮನೆಗೆ ಹೋಗ್ಬೇಡಿ. ಕುರ್ಚಿ ಕೊಟ್ಟೋರೇ ಕೇಳಿದ್ರೆ ಏನಾಗುತ್ತೆ ಅಂತ ಮೇಲೆ ಹೇಳ್ದೆ, ಒಂದು ಊರಿನ ತಾಯಿ ಇನ್ನೊಂದು ಊರಿಗೆ ಹೋಗಿ ಕೇಳ್ಲಿ, ಆ ದಿನದ ಕೂಲಿ ಅವರಿಗೆ ಕೊಡಿ, ಬಿಟ್ಟಿ ಮಾಡಿಸ್ಬೇಡಿ. ಅವರ ಹತ್ರ ಫೋನಿದ್ರೆ ಕೊಬೊ ಟೂಲ್‌ಬಾಕ್ಸ್ ಅನ್ನೋ ಸರ್ವೆ ಸಾಫ್ಟ್‌ವೇರಲ್ಲಿ ಕನ್ನಡದಲ್ಲೇ ಫಾರಂ ಮಾಡ್ಬಹುದು, ಇಲ್ಲಾಂದ್ರೆ ಹಾಳೆ ಪೆನ್ನು ಸಾಕು. ಮಗುವಿನ ಫೋಟೋ, ಹೆಸರು, ಯುಡಿಐಡಿ ನಂಬರ್ ಯಾವುದೂ ವಾಟ್ಸಾಪ್ ಗ್ರೂಪಿಗೆ ಬೀಳ್ಬಾರದು, ನಾವು ಬೇಡ ಅಂದ್ರೂ ಸೇವೆ ನಿಲ್ಲಲ್ಲ ಅನ್ನೋದು ಮನೆಯೋರಿಗೆ ಮೊದಲೇ ಸ್ಪಷ್ಟ ಆಗ್ಬೇಕು. ಕೊನೇಲಿ ಗುಂಪಲ್ಲಿ ಕೂತು ಏನು ಸಿಕ್ತು ಅಂತ ಮಾತಾಡಿ, ಆಮೇಲೆ 10 ಪುಟ ಬರೀರಿ.

ಇದನ್ನ ಶುರು ಮಾಡೋಕೆ ಮುಂಚೆ ನಿಮ್ಮ ಸಂಸ್ಥೆ ಮುಖ್ಯಸ್ಥರಿಗೆ ಹೇಳ್ಬೇಕು, ಇದರಲ್ಲಿ ಅಪಾಯ ಇದೆ. ಫಂಡರ್‌ಗೆ ಹೋದ ರಿಪೋರ್ಟ್ ಸುಳ್ಳು ಅಂತ ತೋರಿಸೋಕೆ ಹೊರಟಿದಾಳೆ ಅಂತ ಅವರಿಗೆ ಅನ್ನಿಸ್ಬಹುದು. ಹಳೇ ರಿಪೋರ್ಟಿನ ಸುದ್ದಿ ಎತ್ಬೇಡಿ, ಮುಂದಿನ ಸಲ ಕುರ್ಚಿ ತರಿಸೋವಾಗ ಯಾವ ಅಳತೆ ತರಿಸ್ಬೇಕು, ಯಾವ ಮನೆಗೆ ಇಳಿಜಾರು ಮಾಡಿಸ್ಬೇಕು ಅಂತ ತಿಳ್ಕೊಳ್ಳೋಕೆ ಅಂತ ಹೇಳಿ. ಅದು ನಿಜಾನೂ ಹೌದು. ಆದ್ರೂ ಅವರು ಒಪ್ಪದಿದ್ರೆ ಬೇರೆ ಸಂಸ್ಥೆಯ ಕಾರ್ಯಕ್ರಮದ ಮೇಲೆ ಮಾಡಿ, ನಿಮ್ಮ ಕೆಲಸಾನ ಪಣಕ್ಕಿಡ್ಬೇಡಿ.

ಆ 10 ಪುಟ ಕೈಯಲ್ಲಿದ್ರೆ ಯಾವ ಪಿಎಚ್‌ಡಿ ಇಂಟರ್‌ವ್ಯೂಗೆ ಹೋದ್ರೂ, ಯಾವ ಎಂ ಅಂಡ್ ಇ ಕೆಲಸಕ್ಕೆ ಹೋದ್ರೂ ನಿಮ್ಮ ಮಾತಿಗೆ ತೂಕ ಬರುತ್ತೆ. ಜೊತೆಗೆ ನಿಮಗೇ ಗೊತ್ತಾಗುತ್ತೆ, ಎಲ್ಲಿ ತಡವರಿಸಿದ್ರಿ, ಲೆಕ್ಕದಲ್ಲಾ ಬರವಣಿಗೇಲಾ ವಿನ್ಯಾಸದಲ್ಲಾ, ಅದನ್ನ ಕಲಿಸೋ ಕೋರ್ಸ್ ಆರಿಸಿ. ಅದರ ಜೊತೆಜೊತೆಗೇ ನೆಟ್‌ಗೆ ಓದಿ, ವರ್ಷಕ್ಕೆ ಎರಡು ಸಲ ನಡೆಯುತ್ತೆ, ಜೂನ್ ಮತ್ತು ಡಿಸೆಂಬರ್ ಸೈಕಲ್, 35 ಆಗೋವರೆಗೆ ನಿಮಗೆ ಹಲವು ಅವಕಾಶ ಇವೆ. ಜೆಆರ್‌ಎಫ್ ಬಂದ್ರೆ ಪೂರ್ಣಾವಧಿ ಪಿಎಚ್‌ಡಿ, ಬರದಿದ್ರೆ ಎನ್‌ಓಸಿ ತಗೊಂಡು ಪಾರ್ಟ್‌ಟೈಮ್.

ಅವ್ವನಿಗೆ ಏನ್ ಹೇಳೋದು ಅಂತ ಕೇಳಿದ್ರಿ. ಓದಿದ್ದು ಸಾಲದೇನು ಅಂತ ಅವರು ಕೇಳೋದ್ರಲ್ಲಿ ತಪ್ಪೇನಿಲ್ಲ, ನಿಮ್ಮ 18 ಸಾವಿರದಲ್ಲಿ ಮನೆ ನಡೀತಿದೆ ಅಂದ್ರೆ ಅವರಿಗೆ ಹೆದರಿಕೆ ಆಗೋದು ಸಹಜ. ಪಗಾರ ನಿಲ್ಲಲ್ಲ, ಸಾಲ ಮಾಡಲ್ಲ, ಸಂಜೆ 2 ಗಂಟೆ ಓದ್ತೀನಿ, ಫೆಲೋಶಿಪ್ ಕೈಗೆ ಬಂದ ಮೇಲಷ್ಟೇ ಕೆಲಸ ಬಿಡ್ತೀನಿ ಅಂತ ಹೇಳಿ, ಹಾಳೆ ಮೇಲೆ ಲೆಕ್ಕ ಬರೆದು ತೋರಿಸಿ. ಸಾಧ್ಯ ಆದ್ರೆ ತಾಯಂದಿರ ಆ ಮೊದಲ ಸಭೆ ಇರೋ ದಿನ ಅವ್ವನ್ನೂ ಕರ್ಕೊಂಡು ಹೋಗಿ ಕೂರಿಸಿ, ಏನ್ ಕೇಳ್ಬೇಕು ಅಂತ ಅವರೂ ಒಂದು ಪ್ರಶ್ನೆ ಹೇಳ್ಲಿ.